ತೊಟ್ಟಿಗೆ ಹೋದ ಕರೆಂಟು

ಸಿಮ್‌ಖರ್ಕದ ಪವರ್‌ಹೌಸಿಗೆ ನಾನು ಹತ್ತು ವರ್ಷ, ವರ್ಷಕ್ಕೊಂದು ಸಲದಂತೆ ಹೋಗಿದ್ದೆ. ಒಮ್ಮೆಯೂ ಅಲ್ಲಿನ ಯಂತ್ರ ತಿರುಗುವುದನ್ನು ನೋಡಿರಲಿಲ್ಲ. ಘುಮ್ತೆ ಬಜಾರಿನಿಂದ ಹೊರಟ ಜೀಪು ಹತ್ತೂವರೆಗೆ ಹೊಳೆಯ ಸೇತುವೆಯ ಬಳಿ ಇಳಿಸುತ್ತಿತ್ತು, ಒಂದೂವರೆಗೆ ಅದೇ ಜೀಪು ಹಿಂತಿರುಗುತ್ತಿತ್ತು. ಹತ್ತರಿಂದ ಎರಡು ಗಂಟೆಯವರೆಗೆ ಕಾಲುವೆಯ ನೀರು ಗದ್ದೆಗಳ ಪಾಲು. ಪವರ್‌ಹೌಸು ಕಟ್ಟುವಾಗಲೇ ಊರವರು ಕೂತು ಮಾಡಿಕೊಂಡ ನಿಯಮ ಅದು. ಆ ನಾಲ್ಕು ಗಂಟೆ ಯಂತ್ರಕ್ಕೆ ರಜೆ, ಉಳಿದ ಇಪ್ಪತ್ತು ಗಂಟೆ ದುಡಿಮೆ. ನಾನು ಹೋಗುತ್ತಿದ್ದದ್ದು ಸರಿಯಾಗಿ ಅದರ ರಜೆಯಲ್ಲಿ.

ನನ್ನ ಕೆಲಸ ಇಷ್ಟೇ. ದೇಶದ ದೊಡ್ಡ ತಂತಿಗಳಿಗೆ ಸೇರದ, ಗುಡ್ಡದ ಹಳ್ಳಿಗಳು ತಾವೇ ನಡೆಸುವ ಸಣ್ಣ ಜಲವಿದ್ಯುತ್ ಕೇಂದ್ರಗಳಿಗೆ ಹೋಗಿ ವರ್ಷದ ಉತ್ಪಾದನೆಯನ್ನು ಬರೆದುಕೊಂಡು ಬರುವುದು. ನಮ್ಮ ಜಿಲ್ಲೆಯ ಮೊತ್ತ ಕಾಠ್ಮಂಡುವಿಗೆ ಹೋಗುತ್ತದೆ. ಅಲ್ಲಿ ಎಲ್ಲ ಜಿಲ್ಲೆಗಳನ್ನೂ ಕೂಡಿ, ನೇಪಾಳದ ಒಂದು ಸಾಲನ್ನು ಲೋಕದ ದೇಶಗಳೆಲ್ಲ ಸಾಲಾಗಿ ನಿಲ್ಲುವ ದೊಡ್ಡ ಪಟ್ಟಿಗೆ ಕಳಿಸುತ್ತಾರೆ. ಯಾವ ದೇಶ ನೀರಿನಿಂದ ಎಷ್ಟು ವಿದ್ಯುತ್ ತೆಗೆಯಿತು, ಗಾಳಿಯಿಂದ ಎಷ್ಟು, ಬಿಸಿಲಿನಿಂದ ಎಷ್ಟು ಎಂಬ ಪಟ್ಟಿ. ಇಪ್ಪತ್ತು ಕಿಲೋವಾಟಿನ ಸಿಮ್‌ಖರ್ಕ ಆ ಪಟ್ಟಿಯ ಯಾವ ದಶಮಾಂಶದಲ್ಲೂ ಕಾಣುವುದಿಲ್ಲ. ಆದರೂ ಬಿಡುವಂತಿಲ್ಲ. ಕಾಣದ ಅಂಕಿಗಳನ್ನು ಬಿಡುತ್ತಾ ಹೋದರೆ ಮೊತ್ತವೇ ತಪ್ಪುತ್ತದೆ.

ಪವರ್‌ಹೌಸನ್ನು ನಡೆಸುತ್ತಿದ್ದವರು ಮೋತಿಸರಾ ಪುನ್ ಎಂಬ ಹೆಂಗಸು. ಅದನ್ನು ಕಟ್ಟಿದಾಗ ಎಂಟನೇ ತರಗತಿ ಮುಗಿಸಿದ್ದವರು ಊರಲ್ಲಿ ಮೂವರು. ಉಳಿದಿಬ್ಬರು ಗಂಡಸರಿಗೆ ಹಗಲೂ ರಾತ್ರಿ ಹೊಳೆದಂಡೆಯಲ್ಲಿ ಕೂರುವ ಕೆಲಸ ಬೇಡವಾಯಿತು. ಇಪ್ಪತ್ತಾರನೇ ವಯಸ್ಸಿಗೆ ತರಬೇತಿ ಮುಗಿಸಿ, ಊರಿನಿಂದ ಮುನ್ನೂರು ಮೆಟ್ಟಿಲು ಕೆಳಗಿದ್ದ ಆ ಕಲ್ಲಿನ ಕೋಣೆಗೆ ಹಾಸಿಗೆ ಹೊತ್ತುಕೊಂಡು ಇಳಿದರು. ನಾನು ಮೊದಲು ನೋಡಿದಾಗ ಅವರಿಗೆ ನಲವತ್ತು. ಮದುವೆ ಆಗಿರಲಿಲ್ಲ. ಕಾಲುವೆಯ ಜಾಲರಿಗೆ ಎಲೆ ಕಟ್ಟಿದರೆ ಯಂತ್ರದ ಸದ್ದು ಬದಲಾಗುತ್ತದೆ. ಆ ಬದಲಾವಣೆಗೆ ನಿದ್ದೆಯಲ್ಲೂ ಎಚ್ಚರವಾಗುವ ಅಭ್ಯಾಸ ಅವರದು.

"ಕಟ್ಕೊಂಡೋನ ಗೊರಕೆ ಹೇಗಿರುತ್ತೋ ನಂಗೊತ್ತಿಲ್ಲ ಭಾಯಿ, ಇವನದು ಮಾತ್ರ ಚೆನ್ನಾಗಿ ಗೊತ್ತು," ಎಂದು ಯಂತ್ರದ ಬೆನ್ನು ತಟ್ಟುತ್ತಿದ್ದರು.

ಎರಡನೇ ವರ್ಷವೋ ಮೂರನೆಯದೋ, ಅವರು ದಿನವೂ ಮೀಟರು ನೋಡಿ ಬರೆದಿಡುತ್ತಿದ್ದ ಪುಸ್ತಕದಿಂದ ಅಂಕಿಗಳನ್ನು ಇಳಿಸಿಕೊಳ್ಳುತ್ತಿದ್ದಾಗ "ಇದು ಕೊನೆಗೆ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದರು. ಮುಂದಿನ ಸಲ ನಾನು ಆ ದೊಡ್ಡ ಪಟ್ಟಿಯ ಒಂದು ಪ್ರತಿಯನ್ನು ತಂದುಕೊಟ್ಟೆ. ಅವರು ಅದನ್ನು ಗೋಡೆಗೆ ಅಂಟಿಸಿದರು. ಅಲ್ಲಿಂದ ನಮ್ಮ ಮಾತಿಗೆ ಒಂದು ಕ್ರಮ ಬಂತು. ನಾನು ಮೆಟ್ಟಿಲಿಳಿದು ಬಂದು ಚೀಲ ಇಳಿಸುವ ಮೊದಲೇ ಶುರು ಮಾಡುತ್ತಿದ್ದರು.

"ಏನ್ ಭಾಯಿ, ನಾರ್ವೆ ಹೇಗಿದಾನೆ ಈ ವರ್ಷ?"

"ಚೆನ್ನಾಗಿದಾನೆ ದೀದಿ. ನೂರಕ್ಕೆ ತೊಂಬತ್ತು ನೀರಿಂದಲೇ."

"ಉಳಿದದ್ದು?"

"ಹೆಚ್ಚಿನಂಶ ಗಾಳಿ."

"ಗಾಳಿ ನಂಬ್ಕೊಂಡೋನು ಡೆನ್ಮಾರ್ಕು ಅಲ್ವಾ?"

"ಹೌದು, ಅವನದು ಅರ್ಧಕ್ಕಿಂತ ಜಾಸ್ತಿ ಗಾಳಿನೇ."

"ಬೀಸ್ದೇ ಇದ್ದ ದಿನ?"

"ಪಕ್ಕದ ನಾರ್ವೆ ಹತ್ರ ಇಸ್ಕೋತಾನೆ."

"ಹಾಗೆ ಹೇಳು. ಪಕ್ಕದ ಮನೆ ಅಂತ ಒಂದಿದ್ರೆ ಗಾಳೀನೂ ನಂಬಬಹುದು," ಎಂದು ನಕ್ಕು, ಒಲೆಯ ಮೇಲಿನ ಧಿಡೋ ಮುದ್ದೆ ತಿರುವಲು ಎದ್ದರು.

ದೇಶಗಳನ್ನು ಹೋಲಿಸಲು ಮೂರು ದಾರಿಗಳಿವೆ ಎಂದು ಅವರಿಗೆ ವಿವರಿಸಿದ್ದೆ. ಒಟ್ಟು ಎಷ್ಟು ಎಂದು ನೋಡಿದರೆ ಚೀನಾವನ್ನು ಯಾರೂ ಮುಟ್ಟಲಾರರು. ಒಟ್ಟು ವಿದ್ಯುತ್ತಿನಲ್ಲಿ ನೀರು, ಗಾಳಿ, ಬಿಸಿಲು, ನೆಲದ ಬಿಸಿಯ ಪಾಲು ಎಷ್ಟು ಎಂದು ನೋಡಿದರೆ ನೇಪಾಳ, ಭೂತಾನ, ಐಸ್‌ಲ್ಯಾಂಡ್, ಪರಾಗ್ವೆ ಎಲ್ಲ ಒಂದೇ ಬೆಂಚಿನಲ್ಲಿ ಕೂರುತ್ತವೆ. ನಮ್ಮದೆಲ್ಲ ಹೆಚ್ಚುಕಡಿಮೆ ನೂರಕ್ಕೆ ನೂರು. ತಲೆಗೆ ಎಷ್ಟು ಎಂದು ನೋಡಿದರೆ ಐಸ್‌ಲ್ಯಾಂಡಿನದು ಐವತ್ತು ಸಾವಿರ ಯೂನಿಟ್ಟಿಗೂ ಮೇಲೆ, ನಮ್ಮದು ಕೆಲವೇ ನೂರು. ಅವರಿಗೆ ಮೂರನೆಯ ದಾರಿಯೇ ಸರಿ ಎನಿಸಿತು.

"ಅವರ ಜನ ಎಷ್ಟು?"

"ನಾಲ್ಕು ಲಕ್ಷ ಇಲ್ಲ."

"ಅಷ್ಟು ಜನಕ್ಕೆ ಅಷ್ಟೊಂದು ಕರೆಂಟು ಏನ್ ಮಾಡ್ತಾರೆ?"

"ಅಲ್ಯೂಮಿನಿಯಂ ಕರಗಿಸ್ತಾರೆ. ಬಹುಪಾಲು ಅದಕ್ಕೇ ಹೋಗುತ್ತೆ."

"ಪಾತ್ರೆಗಾ?"

"ಪಾತ್ರೆಗೂ."

ಅವರು ತಮ್ಮ ನೆಗ್ಗಿದ ಪಾತ್ರೆಯನ್ನೊಮ್ಮೆ, ಪಟ್ಟಿಯನ್ನೊಮ್ಮೆ ನೋಡಿದರು. ಆ ಗೋಡೆಯ ಮೇಲಿನ ದೇಶಗಳ ಬಗ್ಗೆ ಅವರು ಮಾತಾಡುತ್ತಿದ್ದದ್ದು ಎದುರು ಮನೆಯವರ ಬಗ್ಗೆ ಮಾತಾಡುವ ಹಾಗೆ. ಅದಕ್ಕೆ ಕಾರಣ ನನಗೆ ನಿಧಾನವಾಗಿ ತಿಳಿಯಿತು. ಎದುರು ಮನೆಗಳು ಖಾಲಿಯಾಗುತ್ತಿದ್ದವು.

ಹೊಳೆಯ ಆಚೆ ದಂಡೆಯಲ್ಲಿ ಟಾರು ರಸ್ತೆ ಬಂದ ಮೇಲೆ ಶುರುವಾದದ್ದು ಅದು. ಶಾಲೆ ಘುಮ್ತೆ ಬಜಾರಿಗೆ ಹೋಯಿತು, ಅದರ ಹಿಂದೆ ಮಕ್ಕಳು, ಮಕ್ಕಳ ಹಿಂದೆ ಮನೆಗಳು. ಯಾರೂ ದೂರ ಹೋಗಲಿಲ್ಲ. ಎರಡು ಗಂಟೆ ನಡಿಗೆಯಷ್ಟು ಕೆಳಗೆ ಹೋದರು. ಆದರೆ ಎರಡು ಗಂಟೆ ಮೇಲೆ ಹತ್ತಿ ಬರುವವರು ಕಡಿಮೆಯಾದರು. ನಾನು ಮೊದಲು ಬಂದಾಗ ಅರವತ್ತೊಂದು ಮನೆ, ಮುನ್ನೂರು ಜನ, ಒಂದು ಅಕ್ಕಿ ಗಿರಣಿ, ಒಂದು ಮರ ಕೊಯ್ಯುವ ಯಂತ್ರ. ಹತ್ತನೇ ವರ್ಷದ ಹೊತ್ತಿಗೆ ಒಂಬತ್ತು ಮನೆ, ಇಪ್ಪತ್ತಾರು ಜನ.

ಪುಸ್ತಕದ ಅಂಕಿಗಳು ಅದೇ ದಾರಿಯಲ್ಲಿ ಇಳಿದವು. ವರ್ಷಕ್ಕೆ ತೊಂಬತ್ತಾರು ಸಾವಿರ ಯೂನಿಟ್ ಇದ್ದದ್ದು ಎಪ್ಪತ್ತಕ್ಕೆ, ಐವತ್ತೆರಡಕ್ಕೆ, ಆಮೇಲೆ ನಲವತ್ತೊಂದಕ್ಕೆ, ಮೂವತ್ತಮೂರಕ್ಕೆ. ಯಂತ್ರ ಹಳೆಯದಾಗುತ್ತಿದೆ ಎಂದು ನಾನು ಷರಾ ಬರೆದೆ. ಹಾಗೆ ಬರೆದದ್ದನ್ನು ಇಂದಿಗೂ ಮರೆತಿಲ್ಲ.

ಹನ್ನೊಂದನೇ ವರ್ಷ ನಾನು ಹೋದಾಗ ಗ್ರಾಮಪಾಲಿಕೆಯ ಕಾರ್ಯದರ್ಶಿ ಟೇಕ್‌ಬೀರ್ ರೋಕಾ ಜೊತೆಗೆ ಬಂದಿದ್ದ. ದಪ್ಪ ದನಿಯ, ನಗಿಸುವ ಮನುಷ್ಯ. ಮೆಟ್ಟಿಲಿಳಿಯುತ್ತಲೇ ಕೂಗಿದ.

"ದೀದಿ, ನಿಮ್ಮ ಯಂತ್ರ ಕೊಟ್ಟಿಗೇಲಿ ಕಟ್ಟಿದ ಮುದಿ ಎಮ್ಮೆ ಆಯ್ತಲ್ರೀ! ಮೇವು ತಪ್ಪಲ್ಲ, ಹಾಲು ಮಾತ್ರ ಇಲ್ಲ."

"ಹಾಲು ಕರೆಯೋಕೆ ಬರದೋರಿಗೆ ಎಲ್ಲಾ ಎಮ್ಮೇನೂ ಮುದೀನೇ," ಎಂದರು ಮೋತಿಸರಾ ದೀದಿ. "ಚಹಾ ಕುಡೀತೀಯೋ, ಬೈಕೊಂಡೇ ಹೋಗ್ತೀಯೋ?"

ಅವನು ಚಹಾ ಕುಡಿದು, ಆಮೇಲೆ ವಿಷಯ ಹೇಳಿದ. ಮೂರು ವರ್ಷ ಸತತವಾಗಿ ಸಾಮರ್ಥ್ಯದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಉತ್ಪಾದಿಸಿದ ಕೇಂದ್ರವನ್ನು ಮುಚ್ಚಿ, ಯಂತ್ರ ಬಿಚ್ಚಿ ಗೋದಾಮಿಗೆ ಹಾಕಬೇಕು ಎಂದು ತೀರ್ಮಾನವಾಗಿತ್ತು. ಸಿಮ್‌ಖರ್ಕಕ್ಕೆ ಅದು ಮೂರನೇ ವರ್ಷ. ಈ ಸಲದ ಅಂಕಿ ನಲವತ್ತೆಂಟು ಸಾವಿರ ದಾಟದಿದ್ದರೆ ಮುಗಿಯಿತು. ಉಳಿದ ಒಂಬತ್ತು ಮನೆಗೆ ಛಾವಣಿಯ ಮೇಲೆ ಬಿಸಿಲಿನ ಹಲಗೆ ಕೊಡುತ್ತಾರೆ.

"ಗೋದಾಮಲ್ಲಿ ಈಗಾಗಲೇ ಮೂರು ಯಂತ್ರ ತುಕ್ಕು ಹಿಡೀತಿದಾವೆ," ಎಂದರು ದೀದಿ.

"ನಾಲ್ಕನೇದಕ್ಕೆ ಜೊತೆ ಆಯ್ತಲ್ಲ. ನೀವೂ ಕೆಳಗೆ ಬನ್ನಿ ದೀದಿ. ನಿಮ್ಮ ತಮ್ಮನ ಅಂಗಡಿ ಹಿಂದೆ ಕೋಣೆ ಖಾಲಿ ಇದೆ. ಇಪ್ಪತ್ನಾಲ್ಕು ಗಂಟೆ ಕರೆಂಟು."

"ಅಲ್ಲಿ ದೀಪ ಬೇರೆ ಯಾರೋ ಹಾಕ್ತಾರೆ. ನಾನು ಕೂತು ಏನ್ ಮಾಡ್ಲಿ?"

ಟೇಕ್‌ಬೀರ್ ಲೋಟ ಕೆಳಗಿಟ್ಟು, ಮೇಲಿನ ಹಳ್ಳಿಯ ಕೆಲಸವಿದೆ ಎಂದು ಎದ್ದುಹೋದ. ನಾನು ಪುಸ್ತಕ ಬಿಚ್ಚಿ ಕೂಡಿದೆ. ಇಪ್ಪತ್ತನಾಲ್ಕು ಸಾವಿರ. ಮತ್ತೊಮ್ಮೆ ಕೂಡಿದೆ. ಅಂಕಿ ಬದಲಾಗಲಿಲ್ಲ. ದೀದಿ ನನ್ನ ಪೆನ್ಸಿಲನ್ನು ನೋಡುತ್ತಾ ಸಿಸ್ನು ಸೊಪ್ಪು ಬಿಡಿಸುತ್ತಿದ್ದರು. ಮುಳ್ಳು ಚುಚ್ಚುವ ಆ ಸೊಪ್ಪನ್ನು ಅವರು ಇಕ್ಕಳವಿಲ್ಲದೆ ಬರಿಗೈಯಲ್ಲೇ ಹಿಡಿದಿದ್ದರು.

ಅಂದು ಸೇತುವೆಯ ಬಳಿ ಗುಡ್ಡದ ಮಣ್ಣು ಜಾರಿ ಜೀಪು ಬರಲಿಲ್ಲ. ನಾನು ಉಳಿಯಬೇಕಾಯಿತು. ಎರಡು ಗಂಟೆಗೆ ದೀದಿ ಬಾಗಿಲಿನಂಥ ಹಲಗೆಯನ್ನೆತ್ತಿ ನೀರನ್ನು ಕೊಳವೆಗೆ ಬಿಟ್ಟರು. ಯಂತ್ರ ಮೆಲ್ಲಗೆ ಗುರುಗುಟ್ಟಿ, ನಂತರ ಒಂದೇ ಸಮನೆ ಕೂಗತೊಡಗಿತು. ಮುದಿ ಎಮ್ಮೆಯ ಸದ್ದಾಗಿರಲಿಲ್ಲ ಅದು. ಸ್ವಲ್ಪ ಹೊತ್ತಿಗೆ ಹೊರಗೆ, ಗೋಡೆಗೆ ಹೊಂದಿಕೊಂಡಿದ್ದ ಸಿಮೆಂಟು ತೊಟ್ಟಿಯಿಂದ ಹಬೆ ಏಳುವುದು ಕಾಣಿಸಿತು.

"ಅದೇನು ದೀದಿ?"

"ಬಿಸಿ ತೊಟ್ಟಿ. ಮನೆಗಳು ತಗೊಳ್ದೇ ಇರೋ ಕರೆಂಟು ಅಲ್ಲಿಗೆ ಹೋಗುತ್ತೆ. ಇಲ್ದಿದ್ರೆ ಇವನು ಹುಚ್ಚು ಹಿಡಿದೋನ ಹಾಗೆ ಓಡ್ತಾನೆ."

ಇದು ನನಗೆ ಓದಿ ಗೊತ್ತಿದ್ದ ಸಂಗತಿ. ಇಂಥ ಸಣ್ಣ ಯಂತ್ರಗಳ ಮೇಲಿನ ಭಾರ ಯಾವಾಗಲೂ ಒಂದೇ ಸಮ ಇರಬೇಕು. ಊರು ದೀಪ ಆರಿಸಿದಷ್ಟೂ ಗೋಡೆಯ ಮೇಲಿನ ಪೆಟ್ಟಿಗೆಯೊಂದು ಆ ವಿದ್ಯುತ್ತನ್ನು ತೊಟ್ಟಿಯ ಕಾಯಿಸುವ ಸರಳುಗಳಿಗೆ ತಿರುಗಿಸುತ್ತದೆ. ನಾನು ಎದ್ದು ಹೋಗಿ ಅಳೆಯುವ ಮೀಟರಿನ ತಂತಿ ಎಲ್ಲಿಂದ ಬರುತ್ತದೆಂದು ಬೆರಳಿಟ್ಟು ಹುಡುಕಿದೆ. ಅದು ಪೆಟ್ಟಿಗೆಯ ಆಚೆ, ಊರಿಗೆ ಹೋಗುವ ತಂತಿಯ ಮೇಲಿತ್ತು.

"ದೀದಿ, ಇಷ್ಟು ವರ್ಷ ನೀವು ಬರೆದದ್ದು ಊರು ಬಳಸಿದ್ದು ಮಾತ್ರ. ತೊಟ್ಟಿಗೆ ಹೋದದ್ದು?"

"ಅದನ್ನ ಯಾಕೆ ಬರೀಲಿ? ಯಾರೂ ಉರಿಸದೇ ಇರೋ ದೀಪ ಯಾವ ಲೆಕ್ಕ?"

"ಕಾಲಂ ಮೇಲೆ 'ಉತ್ಪಾದನೆ' ಅಂತಿದೆ. ಬಳಕೆ ಅಂತಲ್ಲ."

"ನೀನೂ ಹತ್ತು ವರ್ಷ ಇಳಿಸ್ಕೊಂಡ್ಯಲ್ಲ."

ಇಳಿಸಿಕೊಂಡಿದ್ದೆ. ಯಂತ್ರ ನಿಂತಾಗ ಬಂದು, ತಣ್ಣಗಿದ್ದ ತೊಟ್ಟಿಯ ಕಟ್ಟೆಯ ಮೇಲೆ ಕೂತು, ಅಂಕಿಗಳನ್ನು ಚೆಂದವಾಗಿ ಇಳಿಸಿಕೊಂಡು ಹೋಗಿದ್ದೆ.

ಅಂದು ಮಧ್ಯಾಹ್ನ ನಾವಿಬ್ಬರೂ ಅಳತೆಗೆ ಕೂತೆವು. ಹೊಳೆಗಳ ನೀರಿನ ಉಷ್ಣತೆ ಬರೆಯುವುದು ನನ್ನ ಹಳೆಯ ಚಾಳಿ, ಹಾಗಾಗಿ ಚೀಲದಲ್ಲಿ ಗಾಜಿನ ಉಷ್ಣಮಾಪಕವಿತ್ತು. ಯಂತ್ರವನ್ನು ನಿಲ್ಲಿಸಿ, ತೊಟ್ಟಿಯನ್ನು ಬರಿದು ಮಾಡಿ, ಅದಕ್ಕೆ ಹರಿದುಬರುವ ನೀರನ್ನು ಬಟ್ಟೆ ತುರುಕಿ ಕಟ್ಟಿದೆವು. ಹದಿನೈದು ಲೀಟರಿನ ಬಕೆಟ್ಟಿನಿಂದ ಹನ್ನೆರಡು ಸಲ ನೀರು ಸುರಿದೆವು. ನೂರಎಂಬತ್ತು ಲೀಟರ್, ಹದಿನಾಲ್ಕು ಡಿಗ್ರಿ. ದೀದಿ ಯಂತ್ರವನ್ನು ಮತ್ತೆ ಹೊರಡಿಸಿದರು, ನಾನು ಗಡಿಯಾರ ಹಿಡಿದೆ. ಐವತ್ತನಾಲ್ಕು ಡಿಗ್ರಿ ಮುಟ್ಟಲು ಇಪ್ಪತ್ತೆಂಟು ನಿಮಿಷ ಬೇಕಾಯಿತು. ಲೆಕ್ಕ ಹಾಕಿದರೆ ಹದಿನೆಂಟು ಕಿಲೋವಾಟ್. ಅದೇ ಹೊತ್ತಿನಲ್ಲಿ ಊರು ತೆಗೆದುಕೊಳ್ಳುತ್ತಿದ್ದದ್ದು ಎರಡಕ್ಕೂ ಸ್ವಲ್ಪ ಕಡಿಮೆ. ಕೂಡಿದರೆ ಇಪ್ಪತ್ತು. ಯಂತ್ರ ಮೊದಲ ದಿನ ಹೇಗಿತ್ತೋ ಹಾಗೇ ಇತ್ತು.

"ದಿನಕ್ಕೆ ನಾನೂರು ಯೂನಿಟ್. ವರ್ಷಕ್ಕೆ ಒಂದು ಲಕ್ಷ ನಲವತ್ತಾರು ಸಾವಿರ," ಎಂದೆ. "ಎಲ್ಲಾ ವರ್ಷವೂ."

ಅವರಿಗೆ ಖುಷಿಯಾಗುತ್ತದೆಂದು ನಾನು ಎಣಿಸಿದ್ದೆ. ಅವರು ತೊಟ್ಟಿಯ ನೀರಿನಲ್ಲಿ ಕೈ ಅದ್ದಿ ತೆಗೆದರು.

"ಮೊದಲು ಇದು ಉಗುರುಬೆಚ್ಚಗೆ ಇರ್ತಿತ್ತು," ಎಂದರು. "ಶನಿವಾರ ಹೆಂಗಸರು ತಲೆ ತೊಳ್ಕೊಳ್ಳೋಕೆ ಇಳಿದು ಬರೋರು. ಬಿಸಿ ಸಾಲ್ದು ಅಂತ ನನ್ನ ಬೈಯೋರು. ಈಗ ಕುದಿಯುತ್ತೆ. ಬರೋರಿಲ್ಲ."

ಆಮೇಲೆ ಪುಸ್ತಕ ತಂದು ನನ್ನ ಮುಂದಿಟ್ಟರು. "ನಾನು ಬರೆದದ್ದು ತಪ್ಪಲ್ಲ ಭಾಯಿ. ಆ ಅಂಕೀಲಿ ಯಾರ ಮನೆ ಅಕ್ಕಿ ಬೆಂತು, ಯಾರು ಟಿವಿ ನೋಡಿದ್ರು ಅಂತ ನಂಗೆ ಗೊತ್ತಿತ್ತು. ನೀನು ಕೊಡೋ ಅಂಕೀಲಿ ಬರೀ ಹಬೆ ಇದೆ."

"ಇರಬಹುದು ದೀದಿ. ಆದ್ರೆ ನಾರ್ವೇನೂ ಯಂತ್ರದ ಬಾಯಿಂದ ಬಂದದ್ದನ್ನೇ ಬರೆಯೋದು. ಆ ಕರೆಂಟಲ್ಲಿ ಯಾರು ಏನ್ ಮಾಡಿದ್ರು ಅಂತ ಆ ಕಾಲಮ್ಮಲ್ಲಿ ಕೇಳಲ್ಲ. ಎಲ್ಲರೂ ಒಂದೇ ಥರ ಅಳೆದ್ರೆ ಮಾತ್ರ ಹೋಲಿಸೋಕಾಗುತ್ತೆ."

ಅವರು ಸಹಿ ಹಾಕಿದರು. ನಾನು ಅಳತೆಯ ವಿಧಾನವನ್ನೂ, ನನ್ನ ತಪ್ಪನ್ನೂ ಬರೆದು ಕಳಿಸಿದೆ. ಎಂಜಿನಿಯರ್ ಒಬ್ಬರು ಬಂದು ಎರಡು ದಿನ ಅಳೆದು ಒಪ್ಪಿದರು. ಕೇಂದ್ರ ಪಟ್ಟಿಯಲ್ಲಿ ಉಳಿಯಿತು. ಟೇಕ್‌ಬೀರ್ ಬಜಾರಿನಲ್ಲಿ ಸಿಕ್ಕಾಗ, "ಹಬೆ ಮಾರಿ ಬದುಕಿದ ಎಮ್ಮೆ ಇದೊಂದೇ ನೋಡು," ಎಂದು ನಕ್ಕ.

ಆ ವರ್ಷ ದೀದಿ ಸಿಮ್‌ಖರ್ಕಕ್ಕೂ ಪಟ್ಟಿಯಲ್ಲಿ ಒಂದು ಸಾಲು ಸೇರಿಸಲು ಹೇಳಿದರು. ಗೋಡೆಯ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಬರೆದೆ: ಇಪ್ಪತ್ತಾರು ಜನ, ತಲೆಗೆ ಐದು ಸಾವಿರದ ಆರುನೂರು ಯೂನಿಟ್. ಹೆಚ್ಚುಕಡಿಮೆ ಜರ್ಮನಿ. ಅವರಿಗೆ ನಗು ತಡೆಯಲಾಗಲಿಲ್ಲ. ಮುಂದಿನ ವರ್ಷ ಎಂಟು ಮನೆಗಳು ಕೆಳಗಿಳಿದಿದ್ದವು. ಉಳಿದದ್ದು ಪಹಲ್ ಸಿಂಗನ ಮನೆಯ ನಾಲ್ವರು, ದೀದಿ ಸೇರಿ ಐವರು. ತಲೆಗೆ ಇಪ್ಪತ್ತೊಂಬತ್ತು ಸಾವಿರ.

"ನಾರ್ವೆ ಪಕ್ಕ ಕೂತ್ವಿ ದೀದಿ."

"ಜನ ಕಡಿಮೆಯಾದಷ್ಟೂ ಶ್ರೀಮಂತರಾಗ್ತೀವಿ ಅನ್ನು," ಎಂದರು. ಆ ಸಲ ನಗಲಿಲ್ಲ.

ಹದಿಮೂರನೇ ವರ್ಷ, ಫಾಲ್ಗುಣದಲ್ಲಿ ನಾನು ಹೋದಾಗ ಪಹಲ್ ಸಿಂಗನೂ ಹೋಗಿದ್ದ. ಮೇಕೆಗಳಿಗೆ ಕೆಳಗೆ ಜಾಗವಿಲ್ಲವೆಂದು ಅಷ್ಟು ದಿನ ತಡೆದಿದ್ದನಂತೆ. ಕೊನೆಗೆ ಮೇಕೆಗಳನ್ನು ಕೊಟ್ಟುಬಿಟ್ಟ. ದೀದಿ ನನ್ನನ್ನು ನೋಡಿ ಯಾವ ದೇಶದ ಸುದ್ದಿಯನ್ನೂ ಕೇಳಲಿಲ್ಲ. ಚಹಾ ಕೊಟ್ಟು ಎದುರಿಗೆ ಕೂತರು. ಬಹಳ ದಿನಗಳಿಂದ ಮಾತಾಡದವರ ದನಿ ಒಡೆದಿರುತ್ತದೆ. ಮೊದಲ ಎರಡು ಮಾತು ಅವರಿಗೆ ಕೆಮ್ಮಿನಿಂದ ಶುರುವಾಯಿತು.

"ಒಬ್ಬಳೇ ಆದ್ರೆ ಎಷ್ಟು ಬರುತ್ತೆ?" ಎಂದರು ಆಮೇಲೆ.

"ಒಂದು ಲಕ್ಷ ನಲವತ್ತಾರು ಸಾವಿರ."

"ಯಾವ ದೇಶ ಅದು?"

"ಯಾವ ದೇಶವೂ ಇಲ್ಲ ದೀದಿ. ಐಸ್‌ಲ್ಯಾಂಡೂ ತುಂಬಾ ಕೆಳಗೆ ಉಳೀತು."

ಅವರು ತಲೆಯಾಡಿಸಿದರು. ನಾನು ನಮೂನೆಯ ಹಾಳೆ ತೆಗೆದೆ. ಆ ವರ್ಷ ಅದರಲ್ಲಿ ಹೊಸ ಕಾಲಮ್ಮೊಂದು ಬಂದಿತ್ತು: ವಿದ್ಯುತ್ ಪಡೆಯುವ ಮನೆಗಳ ಸಂಖ್ಯೆ. ಸೊನ್ನೆಯಿದ್ದಲ್ಲಿ ಕೇಂದ್ರ ಮುಚ್ಚುವುದು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ನಾನು ಅದನ್ನು ಓದಿ ಹೇಳಿದೆ. ಹೇಳದೆ ಇರುವ ದಾರಿ ಇರಲಿಲ್ಲ.

"ನಾನಿದೀನಲ್ಲ. ಒಂದು ಅಂತ ಬರಿ," ಎಂದರು.

ನಾನು ಪೆನ್ಸಿಲ್ ಎತ್ತಿದವನು ಬರೆಯಲಾರದೆ ಕೂತೆ. ಕೇಂದ್ರದೊಳಗೆ ಉರಿಯುವ ದೀಪ ಕೇಂದ್ರದ ಸ್ವಂತ ಖರ್ಚು. ಅದು ಮನೆಯಲ್ಲ, ಗ್ರಾಹಕನಲ್ಲ. ಎಲ್ಲ ದೇಶಗಳಲ್ಲೂ ಹಾಗೇ. ಎರಡು ವರ್ಷದ ಹಿಂದೆ, ಎಲ್ಲರೂ ಒಂದೇ ಥರ ಅಳೆಯಬೇಕೆಂದು ಇದೇ ಕೋಣೆಯಲ್ಲಿ ಹೇಳಿದವನು ನಾನೇ.

"ಪವರ್‌ಹೌಸು ಮನೆ ಅಲ್ಲ ದೀದಿ. ನಿಯಮ ಹಾಗಿದೆ."

"ಇಪ್ಪತ್ತಾರು ವರ್ಷ ಇದರಲ್ಲೇ ಮಲಗಿದೀನಿ."

"ಗೊತ್ತು."

"ಆದ್ರೂ ಮನೆ ಅಲ್ಲ?"

"ಲೆಕ್ಕಕ್ಕೆ ಅಲ್ಲ."

ಅವರು ಸಿಟ್ಟಾಗುತ್ತಾರೆ ಎಂದುಕೊಂಡೆ. ಆಗಲಿಲ್ಲ. ಲೋಟಗಳನ್ನು ತೊಳೆದು ಬೋರಲು ಹಾಕಿದರು. ಯಂತ್ರದ ಕಡೆ ತಿರುಗಿದರು. ಆಮೇಲೆ ಕೇಳಿದರು: "ರಾತ್ರಿ ಯಾರೂ ಇಲ್ದೇ ಇದ್ರೆ ಇವನು ಓಡ್ತಾನಾ?"

"ಪೆಟ್ಟಿಗೆ ನೋಡ್ಕೊಳ್ಳುತ್ತೆ. ಜಾಲರಿಗೆ ಎಲೆ ಕಟ್ಟಿದ್ರೆ ತಾನೇ ನಿಲ್ಲುತ್ತೆ. ಬೆಳಿಗ್ಗೆ ಬಂದು ತೆಗೆದ್ರೆ ಆಯ್ತು."

"ಅಂದ್ರೆ ನಾನು ಇಲ್ಲೇ ಮಲಗ್ಬೇಕು ಅಂತೇನೂ ಇರಲಿಲ್ಲ."

ಮೊದಲ ವರ್ಷಗಳಲ್ಲಿ ಅಂಥ ಪೆಟ್ಟಿಗೆ ಇರಲಿಲ್ಲ, ಆಗ ಬೇಕಿತ್ತು ಎಂದೆ. ಅದು ನಿಜವೂ ಹೌದು. ಅವರು ಕೇಳಿಸಿಕೊಂಡರೋ ಇಲ್ಲವೋ. ಎದ್ದು ಹಾಸಿಗೆ ಸುತ್ತತೊಡಗಿದ್ದರು.

ನಾನು ಒಂದೂವರೆಯ ಜೀಪು ಹಿಡಿಯಲಿಲ್ಲ. ಎರಡು ಗಂಟೆಗೆ ಯಂತ್ರವನ್ನು ಹೊರಡಿಸಿ, ನಾವು ಮುನ್ನೂರು ಮೆಟ್ಟಿಲು ಹತ್ತಿದೆವು. ಹಾಸಿಗೆ ಅವರ ಹಣೆಗೆ ಬಿಗಿದ ಹೊರೆಯ ಪಟ್ಟಿಯಲ್ಲಿ, ಪಾತ್ರೆಯ ಬುಟ್ಟಿ ನನ್ನ ಬೆನ್ನಿಗೆ. ಊರಿನ ದಾರಿಯಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತಿತ್ತು. ಪ್ರತಿ ಮನೆಯ ಮುಂದೆ ಹಾದಾಗಲೂ ಅವರು ಬಾಯೊಳಗೇ ಒಂದು ಹೆಸರು ಹೇಳಿಕೊಂಡರು. ಗೋಡೆಯ ಮೇಲಿನ ಮೀಟರುಗಳ ಗಾಜಿನ ಹಿಂದೆ ಚಕ್ರಗಳು ನಿಂತಿದ್ದವು. ಅವರ ತಾಯಿಯ ಮನೆ ನಡುವಿನ ಸಾಲಿನಲ್ಲಿತ್ತು. ತಮ್ಮ ಕೆಳಗಿಳಿಯುವಾಗ ಬಾಗಿಲಿಗೆ ಬೀಗ ಹಾಕದೆ ಹಗ್ಗ ಕಟ್ಟಿ ಹೋಗಿದ್ದ. ಒಳಗೆ ಇಲಿ, ಧೂಳು, ಒಡೆದ ಬಲ್ಬು. ನಾನು ಕಂಬದ ಫ್ಯೂಸು ತೆಗೆದು, ಅಲ್ಲಿಂದ ಬರುವ ತಂತಿಯ ತುದಿಯನ್ನು ಕೆರೆದು ಬಿಗಿದು, ಫ್ಯೂಸು ಮತ್ತೆ ಹಾಕಿದೆ. ಅವರು ಪವರ್‌ಹೌಸಿನಿಂದ ತಂದಿದ್ದ ಬಲ್ಬು ಸಿಕ್ಕಿಸಿ ಗುಂಡಿ ಒತ್ತಿದರು. ಹಗಲು ಬೆಳಕಿನಲ್ಲಿ ಅದು ಉರಿಯುತ್ತಿದೆಯೇ ಎಂದು ತಿಳಿಯಲು ಕೈಯಿಂದ ಮರೆಮಾಡಿ ನೋಡಬೇಕಾಯಿತು.

ಹೊರಗೆ ಮೀಟರಿನ ಚಕ್ರ ಅಲುಗಾಡಿ, ನಿಧಾನವಾಗಿ ಹೊರಟಿತು.

ಅಷ್ಟರಲ್ಲಿ ಮೇಲಿನ ಹಳ್ಳಿಯಿಂದ ಇಳಿದು ಬರುತ್ತಿದ್ದ ಟೇಕ್‌ಬೀರ್ ಅಂಗಳದಲ್ಲಿ ನಿಂತ. ನಮೂನೆಯ ಹಾಳೆ, ಹಾಸಿಗೆ, ಬಲ್ಬು ಎಲ್ಲವನ್ನೂ ನೋಡಿ ಅವನಿಗೆ ಅರ್ಥವಾಯಿತು.

"ಒಬ್ಬರಿಗೋಸ್ಕರ ಇಡೀ ಹೊಳೆನಾ ದೀದಿ?"

"ಇನ್ನೊಬ್ಬರಿದ್ರೆ ಕರ್ಕೊಂಡು ಬಾ. ಜಾಗ ಬೇಕಾದಷ್ಟಿದೆ."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ನನ್ನ ಕೈಯಿಂದ ಹಾಳೆ ಇಸಿದುಕೊಂಡು, ಹೊಸ ಕಾಲಮ್ಮಿನಲ್ಲಿ 'ಒಂದು' ಎಂದು ಅಕ್ಷರದಲ್ಲೇ ಬರೆದು, ಅಂಗಳದ ಕಲ್ಲಿನ ಮೇಲೆ ಹರಡಿ ಸಹಿ ಹಾಕಿದ. ದೀದಿ ಒಳಗೆ ನೆಲ ಗುಡಿಸತೊಡಗಿದ್ದರು. ಪೊರಕೆಯ ಸದ್ದು ಮಧ್ಯೆ ಮಧ್ಯೆ ನಿಲ್ಲುತ್ತಿತ್ತು. ಅವರು ಕಿವಿಗೊಡುತ್ತಿದ್ದಾರೆಂದು ನನಗೆ ಗೊತ್ತಾಯಿತು. ಅಷ್ಟು ಎತ್ತರಕ್ಕೆ ಯಂತ್ರದ ಸದ್ದು ಬರುವುದಿಲ್ಲ.